ಮೇಲ್ಗಾಲುವೆಗೆ ನಾನು ಕೊಡದೆ ಹೋದ ಮರ

ಟವೆಲಿನ ಕೆಳಗೆ ಕೈ ಹಿಡಿದು ವ್ಯಾಪಾರ ಮಾಡುವುದನ್ನು ಈಗಿನವರು ದನದ ಸಂತೆಯಲ್ಲಿ ಮಾತ್ರ ನೋಡಿರುತ್ತಾರೆ. ನಾನು ವ್ಯಾಪಾರಕ್ಕೆ ಇಳಿದ ಕಾಲಕ್ಕೆ ದಾವಣಗೆರೆಯಲ್ಲಿ ಎತ್ತು, ಹತ್ತಿ, ಮರ, ಎಲ್ಲಕ್ಕೂ ಟವೆಲೇ. ಇಬ್ಬರೂ ಬಲಗೈ ಚಾಚಬೇಕು, ಮೇಲೆ ಟವೆಲು ಹೊದಿಸಬೇಕು, ಬೆರಳು ಹಿಡಿದು ದರ ಹೇಳಬೇಕು. ಸುತ್ತ ನಿಂತವರಿಗೆ ವ್ಯಾಪಾರ ನಡೆಯುತ್ತಿರುವುದು ಕಾಣುತ್ತದೆ, ದರ ಕಾಣುವುದಿಲ್ಲ. ಬಾಯಿಗೆ ಕೆಲಸವಿಲ್ಲ, ಅದು ಮಳೆ ಬೆಳೆಯ ಮಾತಾಡಿಕೊಂಡಿರಬಹುದು. ಎದುರಿನವನ ಕಣ್ಣು ನೋಡಿ ಎಂದು ಬುದ್ಧಿ ಹೇಳುವವರು ಬಹಳ ಮಂದಿ ಇದ್ದಾರೆ. ಕಣ್ಣನ್ನು ಯಾರು ಬೇಕಾದರೂ ಪಳಗಿಸಿಕೊಂಡು ಬರಬಹುದು. ಬೆರಳನ್ನು ಪಳಗಿಸುವುದು ಕಷ್ಟ. ನೀವು ಬೆರಳನ್ನೇ ನಂಬಿ.

ಈ ಪದ್ಧತಿಗೆ ಇನ್ನೊಂದು ಅಂಗವಿತ್ತು. ಚೌಕಾಶಿ ಏರುತ್ತಾ ಹೋದಂತೆ ಮನುಷ್ಯನಿಗೆ ಒಂದು ಅಮಲು ಬರುತ್ತದೆ. ಹೇಗಾದರೂ ಮುಗಿಸಿಬಿಡೋಣ ಎನ್ನಿಸಿ, ಇಳಿಯಬಾರದಷ್ಟು ಇಳಿದುಬಿಡುತ್ತಾನೆ. ಅದಕ್ಕೇ ನಮ್ಮಲ್ಲಿ ಬೆನ್ನ ಹಿಂದೆ ಒಬ್ಬನನ್ನು ಕೂರಿಸಿಕೊಳ್ಳುತ್ತಿದ್ದರು. ಇಷ್ಟರ ಕೆಳಗೆ ಇಳಿಯಲಾರೆ ಎಂಬ ಕಡೆಯ ದರವನ್ನು ಮನೆ ಬಿಡುವ ಮೊದಲೇ ಅವನೊಬ್ಬನ ಕಿವಿಗೆ ಹಾಕಬೇಕು. ನಾನು ಮೈಮರೆತು ಜಾರುತ್ತಿದ್ದೇನೆ ಎಂದು ನನ್ನ ಭುಜ ನೋಡಿಯೇ ತಿಳಿದುಕೊಂಡು ಅವನು ಬೆನ್ನಿಗೆ ಒಂದು ಬೆರಳು ಒತ್ತಬೇಕು. ಅಷ್ಟೇ ಅವನ ಕೆಲಸ. ನನ್ನ ಬೆನ್ನ ಹಿಂದೆ ಕೂರುತ್ತಿದ್ದವನು ನನ್ನ ತಂಗಿಯ ಗಂಡ.

ಹರಿಹರದ ಹೊಳೆದಂಡೆಯಲ್ಲಿ ಬಿದಿರು ಮಾರುತ್ತಿದ್ದವನು ನಾನು. ಹೆಗಲ ಮೇಲೆ ಹೊತ್ತು ಮಾರಿದ್ದೇನೆ, ಅದನ್ನು ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಆಮೇಲೆ ದಾವಣಗೆರೆಯಲ್ಲಿ ಸರ್ವೆ ಕಂಬ, ಹಲಗೆ, ತೊಲೆಗಳ ಡಿಪೋ ಮಾಡಿದೆ. ಗಿರಣಿಗಳು ಏಳುತ್ತಿದ್ದ ಕಾಲ, ಮರಕ್ಕೆ ಗಿರಾಕಿ ಇದ್ದರು. ತಂಗಿಯ ಗಂಡನಿಗೆ ಅಂಗಡಿ ಕೂಡಿಬರಲಿಲ್ಲ. ಅವನನ್ನು ಡಿಪೋಕ್ಕೆ ಕರೆದುಕೊಂಡೆ. ಮಾತು ಕಡಿಮೆ, ನೆನಪು ಜಾಸ್ತಿ. ಬೆನ್ನ ಹಿಂದೆ ಕೂರಲು ಅಂಥವನೇ ಬೇಕು ಎಂದುಕೊಂಡೆ.

ಆಗ ಭದ್ರೆಗೆ ಅಣೆಕಟ್ಟು ಏಳುತ್ತಿತ್ತು. ಅದರ ನಾಲೆ ನಮ್ಮ ಕಡೆಗೆ ಬರುತ್ತದೆಂದು ನೆಲ ಅಗೆಯುತ್ತಿದ್ದರು. ಊರಲ್ಲಿ ಅದನ್ನು ಚಾನಲ್ ಎನ್ನುತ್ತಿದ್ದರು. ಊರ ಹೊರಗೆ ಒಂದು ಕಡೆ ನಾಲೆಗೆ ಹಳ್ಳ ಅಡ್ಡ ಬಂತು. ಹಳ್ಳದಲ್ಲಿ ಸಾಲಾಗಿ ಕಲ್ಲಿನ ಕಂಬ ನಿಲ್ಲಿಸಿ, ಕಂಬದಿಂದ ಕಂಬಕ್ಕೆ ಕಮಾನು ಕಟ್ಟಿ, ಅದರ ನೆತ್ತಿಯ ಮೇಲೆ ನೀರು ಹಾಯಿಸುವ ಮೇಲ್ಗಾಲುವೆಗೆ ಎಂಜಿನಿಯರುಗಳು ನಕ್ಷೆ ಬರೆದರು. ಹೊಳೆ ಆಕಾಶದಲ್ಲಿ ಹೋಗುತ್ತದಂತೆ ಎಂದು ಜನ ಗಾಡಿ ಕಟ್ಟಿಕೊಂಡು ನೋಡಲು ಹೋಗುತ್ತಿದ್ದರು.

ಕಲ್ಲಿನ ಕಮಾನು ಹೇಗೆ ನಿಲ್ಲುತ್ತದೆ ಎಂಬುದು ನನಗೂ ಮೊದಲು ಗೊತ್ತಿರಲಿಲ್ಲ. ಮೊದಲು ಮರದ ಕಮಾನು ಕಟ್ಟಬೇಕು. ಅದರ ಬೆನ್ನ ಮೇಲೆ ಎರಡೂ ಕಡೆಯಿಂದ ಕಲ್ಲು ಜೋಡಿಸುತ್ತಾ ಬರಬೇಕು. ನಡುನೆತ್ತಿಯ ಕಲ್ಲು ಕೂರುವವರೆಗೂ ಅಷ್ಟೂ ಭಾರ ಹೊರುವುದು ಮರ. ಅದು ಕೂತು ಗಾರೆ ಗಟ್ಟಿಯಾದ ಮೇಲೆ ಮರ ಕಳಚುತ್ತಾರೆ. ಆ ಮರಕ್ಕೆ ಸೆಂಟ್ರಿಂಗ್ ಎನ್ನುತ್ತಾರೆ. ಮೇಲ್ಗಾಲುವೆಯ ಅಷ್ಟೂ ಕಮಾನುಗಳ ಸೆಂಟ್ರಿಂಗನ್ನು ಒಬ್ಬನಿಗೇ ಕೊಡುತ್ತಾರೆಂದು ಸುದ್ದಿ ಬಂತು. ಆ ಒಬ್ಬ ನಾನಾಗಬೇಕು ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹಲಗೆ ಮಾರುವವನು ಸಾಯುವವರೆಗೂ ಹಲಗೆ ಮಾರಬಹುದು. ಅಂಥ ಕೆಲಸ ಒಂದು ಜನ್ಮಕ್ಕೆ ಒಂದು ಸಲ ಬಾಗಿಲಿಗೆ ಬರುತ್ತದೆ.

ನಿಟ್ಟುವಳ್ಳಿಯಲ್ಲಿ ಒಬ್ಬ ಬಡಗಿ ಮೇಸ್ತ್ರಿ ಇದ್ದರು, ಉರ್ದು ಮಾತಾಡುವ ಮನೆಯವರು. ನನ್ನ ಮರಕ್ಕೆಲ್ಲ ಅವರದೇ ಕೈ. ವಿಷಯ ಹೇಳಿದ್ದೇ ತಡ, ಕೊಯ್ಲಾದ ಹೊಲದಲ್ಲಿ ಗೂಟ ಹೊಡೆದು, ಹಗ್ಗ ಹಿಡಿದು ತಿರುಗಿ, ಸುಣ್ಣದ ಪುಡಿಯಲ್ಲಿ ಕಮಾನನ್ನು ಇದ್ದಷ್ಟೇ ದೊಡ್ಡದಾಗಿ ನೆಲದ ಮೇಲೆ ಬರೆದರು.

"ಸಾವ್ಕಾರ್ರೇ, ಒಳಗ ಬಂದು ನಿಂದರ್ರಿ," ಎಂದರು. ನಿಂತೆ. "ಈಗ ನಿಮ್ಮ ತಲಿ ಮ್ಯಾಲೆ ಚಾನಲ್ ಐತೆ. ಹೆಂಗನಿಸ್ತೈತೆ?"

"ಕುತ್ತಿಗಿ ನೋಯ್ತೈತೆ."

"ನೋಯ್ಲಿ. ಮರ ಮಾತ್ರ ಹೊಸಾದು ಬೇಕ್ರಿ. ಹಳೇದು ಕೊಟ್ರೆ ನಾ ಮುಟ್ಟಾಂಗಿಲ್ಲ."

ಹೊಸ ಮರವೇ ತರುವುದೆಂದು ಲೆಕ್ಕ ಹಾಕಿ ನನ್ನ ಕಡೆಯ ದರ ಕಟ್ಟಿದೆ. ಕೈಗೆ ಏನೂ ಉಳಿಯದ, ಆದರೆ ಹೆಸರು ಉಳಿಯುವ ದರ ಅದು. ಹೊರಡುವ ಬೆಳಿಗ್ಗೆ ತಂಗಿಯ ಮನೆಯಲ್ಲೇ ರೊಟ್ಟಿ ತಿಂದು, ಅಂಗಳದಲ್ಲಿ ಅವಳ ಗಂಡನ ಕಿವಿಯಲ್ಲಿ ಅದನ್ನು ಹೇಳಿದೆ. ಮೇಸ್ತ್ರಿಗೂ ಹೇಳಿರಲಿಲ್ಲ, ನನ್ನ ಹೆಂಡತಿಗೂ ಹೇಳಿರಲಿಲ್ಲ. ಚಪ್ಪಲಿ ಮೆಟ್ಟುವ ಹೊತ್ತಿಗೆ ಅವನು ಮುಂದೆ ಹೋಗಿರುತ್ತೇನೆಂದು ಸೈಕಲ್ ಹತ್ತಿದ. ನಾನೂ ಮೇಸ್ತ್ರಿಯೂ ಗಾಡಿಯಲ್ಲಿ ಹೋದೆವು.

ಮೇಲ್ಗಾಲುವೆ ಕಟ್ಟಿಸುವ ಕಂತ್ರಾಟುದಾರ ಪರವೂರಿನವನು, ಆದರೆ ಟವೆಲಿನ ವ್ಯಾಪಾರ ಬಲ್ಲವನು. ಹಳ್ಳದ ದಂಡೆಯ ತಗಡಿನ ಶೆಡ್ಡಿನಲ್ಲಿ ಚಾಪೆ ಹಾಸಿತ್ತು. ಅವನ ಕಡೆಯವರು, ಕಲ್ಲಿನ ಕೆಲಸದವರು ಸುತ್ತ ನಿಂತರು. ತಂಗಿಯ ಗಂಡ ನನ್ನ ಹಿಂದೆ ಕೂತ. ಕಂತ್ರಾಟುದಾರ ಚಹಾ ತರಿಸಿ, "ಏನ್ ಬಿಸಿಲ್ರಿ ನಿಮ್ಮೂರಾಗ," ಎನ್ನುತ್ತಾ ಟವೆಲು ಹೊದಿಸಿದ.

ನಾನು ಎತ್ತರದ ದರ ಹಿಡಿದೆ. ಕೊಳ್ಳುವವನು ಆಗ ಏನು ಮಾಡಬೇಕು? ನೆಲಕ್ಕೆ ಹತ್ತುವಷ್ಟು ಕೆಳಗೆ ಹಿಡಿಯಬೇಕು. ನಾನು ಚೂರು ಇಳಿಯಬೇಕು, ಅವನು ಚೂರು ಏರಬೇಕು. ಬೆರಳುಗಳು ಕತ್ತಲಲ್ಲಿ ಒಂದನ್ನೊಂದು ಹುಡುಕಾಡಬೇಕು. ಈ ಮನುಷ್ಯನ ಬೆರಳು ಹುಡುಕಾಡಲೇ ಇಲ್ಲ. ನೇರ ಬಂದು ನನ್ನ ಕಡೆಯ ದರದ ಮೇಲೆ ಕೂತವು. ತಮ್ಮ ಮನೆಯ ಚಿಲಕ ತೆಗೆದ ಹಾಗೆ.

ಇರಲಿ, ಆಕಸ್ಮಿಕ ಎಂದುಕೊಂಡು ಸ್ವಲ್ಪ ಇಳಿದೆ. ಅವನು ಕದಲಲಿಲ್ಲ. ಮತ್ತೆ ಇಳಿದೆ. ಅದೇ ಬೆರಳು, ಅದೇ ಹಿಡಿತ. ಬೆವರೂ ಇಲ್ಲ. ತಂಗಿಯ ಮನೆಯ ಅಂಗಳದ ಮಾತು ಆ ಕೈಯಲ್ಲಿತ್ತು.

ಆಗ ಬೆನ್ನ ಹಿಂದಿನಿಂದ ತಂಗಿಯ ಗಂಡ ಬಾಯಿಬಿಟ್ಟ. ಅಲ್ಲಿ ಕೂತವನು ಮಾತಾಡುವ ಪದ್ಧತಿಯೇ ಇಲ್ಲ.

"ಒಪ್ಪಿಕೊಳ್ರಿ ಭಾವ. ದೊಡ್ಡ ಕೆಲಸ, ಕೈ ಬಿಡಬ್ಯಾಡ್ರಿ."

ನನ್ನನ್ನು ತಡೆಯಲು ಕೂತವನು ತಳ್ಳುತ್ತಿದ್ದ. ಒಪ್ಪಿದ್ದರೆ ನಷ್ಟವೇನೂ ಇರಲಿಲ್ಲ. ಅದು ನಾನೇ ಕಟ್ಟಿದ ದರ. ಆದರೆ ಇವತ್ತು ನನ್ನ ತಳ ತಿಳಿದವನು ಕೆಲಸ ಮುಗಿಯುವವರೆಗೂ ತಳದಲ್ಲೇ ಕೂರಿಸುತ್ತಾನೆ. ಮಳೆ ಬಂದು ಮರ ಹೋದರೂ, ಕೂಲಿ ಏರಿದರೂ ನಾನು ಎಷ್ಟು ತಡೆಯಬಲ್ಲೆ ಎಂದು ಅವನಿಗೆ ಗೊತ್ತು. ಕೊನೆಗೆ ಹಳೆಯ ಮರಕ್ಕೇ ಬಂದು ನಿಲ್ಲಬೇಕು. ಆ ಮರದ ಕೆಳಗೆ ಜನ ಇರುತ್ತಾರೆ. ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಟವೆಲು ಚಾಪೆಯ ಮೇಲೆ ಬಿತ್ತು.

"ಯಾಕ್ರಿ, ಚಹಾನಾದ್ರೂ ಕುಡೀರಿ," ಎಂದ ಕಂತ್ರಾಟುದಾರ, ನಗುತ್ತಾ.

"ನಮ್ಮ ಪೈಕಿಯವರು ಇಲ್ಲೇ ಅದಾರಲ್ಲ, ನನ್ನ ಪಾಲಿಂದೂ ಅವ್ರಿಗೇ ಕೊಡ್ರಿ," ಎಂದು ಎದ್ದೆ.

ತಂಗಿಯ ಗಂಡ ಗಾಡಿಯವರೆಗೂ ಬಂದ. "ಕೆಲಸ ತಪ್ಪಬಾರದು ಅಂತ ಒಂದು ಮಾತು ಮುಂಚೆ ಹೇಳಿದ್ದೆ ಭಾವ. ನಿಮ್ಮ ಒಳ್ಳೇದಕ್ಕೇ," ಎಂದ. ಅವನ ಮುಖದಲ್ಲಿ ಅಳುಕಿರಲಿಲ್ಲ. ಬಹಳ ದಿನ ನಾನು ಆ ಮಾತನ್ನೇ ನಂಬಲು ನೋಡಿದೆ. ದಡ್ಡತನವಾದರೆ ಕ್ಷಮಿಸಬಹುದಿತ್ತು. ಆದರೆ ಅಮಾವಾಸ್ಯೆ ಕಳೆಯುವುದರೊಳಗೆ ಸೆಂಟ್ರಿಂಗ್ ಕೆಲಸ ಅವನ ಹೆಸರಿಗೆ ಆಯಿತು. ನಾನು ಒಪ್ಪಿದ್ದರೆ ಅವನಿಗೆ ಅದರಲ್ಲಿ ಪಾಲು, ಒಪ್ಪದಿದ್ದರೆ ಪೂರಾ ಅವನಿಗೇ ಎಂದು ಮೊದಲೇ ಮಾತಾಗಿತ್ತಂತೆ. ಊರಿಗೆಲ್ಲ ತಿಳಿದ ಮೇಲೆ ನನಗೆ ತಿಳಿಯಿತು.

ಮೇಸ್ತ್ರಿ ಡಿಪೋಕ್ಕೆ ಬಂದು ಹಲಗೆಯ ರಾಶಿಯ ಮೇಲೆ ಕೂತರು. "ನಿಮ್ಮ ಮಂದಿ ನನ್ನ ಕರ್ಯಾಕ ಹತ್ಯಾರೆ. ನೀವು ಬ್ಯಾಡ ಅಂದ್ರೆ ಹೋಗಾಂಗಿಲ್ಲ."

"ಮರ ಹೊಸಾದು ತರ್ತಾನಾ?"

"ತರಸ್ತೀನಿ. ಇಲ್ದಿದ್ರೆ ವಾಪಸ್ ಬರ್ತೀನಿ."

"ಹೋಗ್ರಿ. ಹೊಲದಾಗ ಬರೆದದ್ದು ಹೊಲದಾಗೇ ಉಳೀಬಾರದು."

ಅವರು ಹೋದರು. ತರಿಸಿದರು ಕೂಡ. ಕಮಾನುಗಳು ಒಂದೊಂದಾಗಿ ಎದ್ದವು, ಮರ ಕಳಚಿದರು, ಎಲ್ಲವೂ ನಿಂತವು. ನಾನು ಹತ್ತಿರ ಹೋಗಲಿಲ್ಲ. ಲೋಕಿಕೆರೆಗೆ ವಸೂಲಿಗೆ ಹೋದಾಗಲೂ ಸುತ್ತುದಾರಿ ಹಿಡಿದೆ.

ಎಷ್ಟೋ ಕಾಲದ ಮೇಲೆ ಅದರಲ್ಲಿ ಮೊದಲ ನೀರು ಬಿಡುವ ದಿನ ಬಂತು. ಬೆಳಿಗ್ಗೆ ತಂಗಿ ಹೊಸ ಸೀರೆ ಉಟ್ಟು ಡಿಪೋಕ್ಕೇ ಬಂದಳು. ಅದುವರೆಗೆ ಅವಳ ಮನೆಗೆ ಹೋಗುವುದನ್ನು ನಾನು ಬಿಟ್ಟಿರಲಿಲ್ಲ. ಗಂಡನ ಜೊತೆ ಮಾತು ಬಿಟ್ಟಿದ್ದೆ ಅಷ್ಟೇ. ಅವಳದೇನು ತಪ್ಪು ಎಂಬುದು ನನ್ನ ಲೆಕ್ಕ.

"ಊರೇ ಹೊಂಟೈತೆ, ನೀನೂ ಬಾ ಅಣ್ಣ. ನೀ ಬರದಿದ್ರೆ ಜನ ಏನಂತಾರೆ?"

"ಜನ ನೀರು ನೋಡ್ತಾರೆ, ನನ್ನ ಯಾಕ ನೋಡ್ತಾರೆ."

"ಎಷ್ಟು ದಿನ ಇದು? ಅವರೂ ಮನಿ ನೋಡ್ಕಾಬೇಕಲ್ಲ. ನಿನ್ನ ಕೈಕೆಳಗ ಎಷ್ಟು ವರ್ಷ ಇರಾಕ ಆಗ್ತಿತ್ತು?"

ಇದು ಆ ಹೊತ್ತಿಗೆ ಹುಟ್ಟಿದ ಮಾತಲ್ಲ, ಮನೆಯೊಳಗೆ ಆಡಿ ಆಡಿ ನುಣುಪಾದ ಮಾತು. ನಾನು ಕೇಳಿದೆ, "ಆವತ್ತು ನಾನು ನಿಮ್ಮಂಗಳದಾಗ ದರ ಹೇಳಿದಾಗ, ಇದೆಲ್ಲ ನಿನಗೆ ಗೊತ್ತಿತ್ತಾ?"

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ರೊಟ್ಟಿ ಬಡಿಯಾಗ ಹೇಳಿದ್ರು," ಎಂದಳು. "ಅಣ್ಣ ಹೆಂಗೂ ಒಪ್ಕಂತಾನೆ, ಇಬ್ರಿಗೂ ಆಗ್ತೈತೆ ಅಂದ್ರು."

ಆ ರೊಟ್ಟಿಗೆ ಅವಳು ಎರಡು ಸಲ ಬೆಣ್ಣೆ ಹಾಕಿದ್ದಳು. ಬೇಡವೆಂದರೂ ಹಾಕಿದ್ದಳು.

ಹೊರಗೆ ಗಾಡಿಯವನು ಕೂಗಿದ. "ಹೋಗು, ಹೊತ್ತಾಗ್ತೈತೆ," ಎಂದೆ. ಗಾಡಿ ಹೋಯಿತು. ಅವತ್ತು ಬಜಾರಿನಲ್ಲಿ ಗಿರಾಕಿಯೇ ಇರಲಿಲ್ಲ, ಎಲ್ಲರೂ ಹಳ್ಳದ ಕಡೆ ಹೋಗಿದ್ದರು. ಮಧ್ಯಾಹ್ನ ವಿನೋಬನಗರದವನೊಬ್ಬ ಚಪ್ಪರಕ್ಕೆ ಬಿದಿರು ಕೇಳಿಕೊಂಡು ಬಂದ. ಚೌಕಾಶಿಗೆ ಸಿದ್ಧವಾಗಿ ಅರ್ಧಕ್ಕರ್ಧ ಕೇಳಿದ. ಕೇಳಿದಷ್ಟಕ್ಕೇ ಒಪ್ಪಿದೆ. ಅವನು ಬಿದಿರಿನಲ್ಲಿ ಏನೋ ಐಬಿರಬೇಕು ಎಂದು ಒಂದೊಂದನ್ನೂ ತಟ್ಟಿ ತಟ್ಟಿ ನೋಡಿ, ಕೊನೆಗೆ ಕೊಳ್ಳದೆ ಹೋದ.