ಆರಾಮ ಅಂದುಬಿಟ್ಟೆ

ಲಿಂಗಪೂಜೆಗೆ ಕುಳಿತರೆ ಮೊದಲೆಲ್ಲ ಮನಸ್ಸು ತಾನೇ ನಿಲ್ಲುತ್ತಿತ್ತು. ಈ ವರ್ಷ ಗೋವಿನಜೋಳದ ಸುಗ್ಗಿ ಮುಗಿದಾಗಿನಿಂದ ಹಾಗಾಗಲಿಲ್ಲ. ಅಂಗೈಯಲ್ಲಿ ಲಿಂಗ ಇರುತ್ತಿತ್ತು, ನಾನಿರುತ್ತಿರಲಿಲ್ಲ. ಎದ್ದು ತೊಳೆದ ತಾಟನ್ನೇ ಮತ್ತೆ ತೊಳೆಯುತ್ತಿದ್ದೆ. ಹಿತ್ತಿಲಿಗೆ ಹೋಗಿ, ಯಾಕೆ ಬಂದೆನೆಂದು ತಿಳಿಯದೆ ಒಳಗೆ ಬರುತ್ತಿದ್ದೆ.

ದೇವರು ಕೊಟ್ಟದ್ದನ್ನು ಎಣಿಸಿ ಸಮಾಧಾನ ಮಾಡಿಕೊಳ್ಳಲು ನೋಡಿದೆ. ಗಂಡ ಕುಡಿಯುವುದಿಲ್ಲ, ಮಗಳು ಶಿಗ್ಗಾಂವದ ಕಾಲೇಜಿನಲ್ಲಿ ಓದುತ್ತಿದ್ದಾಳೆ, ಎಮ್ಮೆ ಹಾಲು ಕೊಡುತ್ತದೆ. ಎಣಿಸಿದಷ್ಟೂ ಎದೆ ಭಾರವಾಯಿತು. ಇಷ್ಟಿದ್ದೂ ಅಳು ಬರುತ್ತದೆಂದರೆ ಕೊಟ್ಟವನಿಗೆ ಮಾಡಿದ ದ್ರೋಹವಲ್ಲವೇ?

ಒಂದು ದಿನ ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಯಕ್ಕಾ, ಆ ತಾಟಿಗೆ ತೂತು ಬೀಳತೈತಿ, ಬಿಡ್ರಿ ಇನ್ನ. ಹಾನಗಲ್ಲ ದವಾಖಾನಿಗೆ ಮನಸಿನ ಡಾಕ್ಟರ್ ಬರ್ತಾರಂತ. ಹೋಗೂಣು."

"ನನಗೇನ ಹುಚ್ಚ ಹಿಡದೈತೇನ?"

"ಹುಚ್ಚ ಹಿಡದವರು ಇಷ್ಟ ಸ್ವಚ್ಛ ತೊಳ್ಯಾಂಗಿಲ್ಲ ಬಿಡ್ರಿ."

ತಿಳವಳ್ಳಿಯಿಂದ ಬಸ್ಸಿನಲ್ಲಿ ಹೋಗುವಾಗ, ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡೆ. ಡಾಕ್ಟರಮ್ಮ ನಕ್ಕು, "ಬರ್ರಿ, ಕೂಡ್ರಿ. ಆರಾಮ ಅದೀರಿ?" ಎಂದರು.

"ಆರಾಮ ರೀ," ಅಂದುಬಿಟ್ಟೆ. ನಮ್ಮ ಕಡೆ ಸಾವಿನ ಮನೆಯ ಬಾಗಿಲಲ್ಲಿ ಕೇಳಿದರೂ ಬಾಯಿ ತಾನಾಗಿ ಇದನ್ನೇ ಹೇಳುತ್ತದೆ. ಸಾಲದೆಂಬಂತೆ, "ನೀವು ಆರಾಮೇನ್ರಿ?" ಎಂದು ತಿರುಗಿ ಕೇಳಿದೆ.

ನೆಗೆಣ್ಣಿ ಹಣೆ ಬಡಿದುಕೊಂಡಳು. "ಬೀಗರ ಮನೀಗೆ ಬಂದೇವೇನ್ ಯಕ್ಕಾ?"

ನಾನು ಏಳಲು ಸೆರಗು ಸರಿಮಾಡಿಕೊಂಡೆ. ಡಾಕ್ಟರಮ್ಮ ನನ್ನ ಹಣೆಯ ವಿಭೂತಿ ನೋಡಿದರು. "ಪೂಜಿ ಹೆಂಗ ನಡದೈತ್ರಿ?"

ಅದಕ್ಕೆ ಬಾಯಲ್ಲಿ ಸಿದ್ಧ ಉತ್ತರವಿರಲಿಲ್ಲ. "ಯಾರೋ ಬ್ಯಾರೇದವರು ಮಾಡಾಕತ್ತಂಗ ಅನಸ್ತೈತ್ರಿ," ಎಂದೆ. ಅಷ್ಟಕ್ಕೇ ಅಳು ಒತ್ತರಿಸಿ ಬಂತು.

ನಿದ್ದೆ, ಹಸಿವು, ಸಾಯಬೇಕು ಅನ್ನಿಸುತ್ತದೆಯೇ, ಎಲ್ಲವನ್ನೂ ಕೇಳಿದರು. "ಭಕ್ತಿ ಕಡಿಮಿ ಆಗಿ ಬಂದದ್ದಲ್ಲರಿ ಇದು. ಇದೂ ಒಂದು ಜಡ್ಡು. ಗುಳಿಗಿ ಅದಾವು, ಕುಂತು ಮಾತಾಡೂದೂ ಐತಿ. ತಡಾ ಹಿಡಿತೈತಿ, ನಡುವ ಬಿಡಬ್ಯಾಡ್ರಿ."

ತಡವೇ ಆಗುತ್ತಿದೆ. ನಿದ್ದೆ ಬರುತ್ತದೆ, ಚಡಪಡಿಕೆ ಪೂರ್ತಿ ಹೋಗಿಲ್ಲ. ನಿನ್ನೆಯೂ ಪೂಜೆಯ ನಡುವೆ ಎದ್ದೆ. "ಶಿವನೇ, ಇವತ್ತ ಇಷ್ಟಽ ಆತು ನೋಡಪ್ಪ," ಎಂದೆ. ಅವನ ಮುಂದೆ ಚೆನ್ನಾಗಿದ್ದೇನೆಂದು ತೋರಿಸಿಕೊಳ್ಳುವ ಕೆಲಸ ತಪ್ಪಿತು. ಅದೂ ಅವನದೇ ದಯೆ.