ಬೀರುವಿನೊಳಗಿನ ಒಲೆ

ನಮ್ಮತ್ತೆ ಮೂವತ್ತು ವರ್ಷ ಹಾಸ್ಟೆಲಿನಲ್ಲಿ ಅಡುಗೆ ಮಾಡಿದವರು. ನಿವೃತ್ತರಾಗಿ ನಮ್ಮ ಮನೆಗೆ ಬಂದವರೇ ಮಗಳ, ಅಂದರೆ ನನ್ನ ಹೆಂಡತಿಯ, ಒಲೆಯ ಪಕ್ಕ ನಿಂತು ಉಪ್ಪು ಹೆಚ್ಚಾಯಿತು, ಹುರಿದದ್ದು ಸಾಲದು ಎಂದು ಶುರುಮಾಡಿದರು. ಅವರಿಬ್ಬರ ಜಟಾಪಟಿಯಲ್ಲಿ ನನಗೆ ಒಂದು ದಿನವೂ ಬಿಸಿ ಊಟ ಸಿಗಲಿಲ್ಲ. ಹೇಗೂ ನಾನು ಬಡಗಿ, ಹಿತ್ತಲಲ್ಲಿ ಅತ್ತೆಗೊಂದು ಕೋಣೆ ಕಟ್ಟಿಕೊಟ್ಟೆ.

ನಗರಸಭೆಯ ನಿಯಮದಂತೆ ಹಿತ್ತಲಲ್ಲಿ ಶೆಡ್ ಇರಬಹುದು, ಎರಡನೇ ಮನೆ ಇರಕೂಡದು. ಒಲೆ ಇದ್ದರೆ ಅದು ಮನೆ. ಹಾಗಾಗಿ ಒಲೆ, ಸಿಂಕು ಎರಡನ್ನೂ ಮರದ ಬೀರುವಿನೊಳಗೆ ಕೂರಿಸಿದೆ. ಬಾಗಿಲು ಮುಚ್ಚಿದರೆ ಅಪ್ಪಟ ಬಟ್ಟೆ ಬೀರು. ಇನ್‌ಸ್ಪೆಕ್ಟರ್ ಬಂದಾಗಲೆಲ್ಲ ಅತ್ತೆ ಅದಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದರು. ಒಳಗೆ ಕುಕ್ಕರ್ ಕೂಗಿದರೆ ಪಕ್ಕದ ಮನೆಯತ್ತ ಕೈ ತೋರಿಸುತ್ತಿದ್ದರು.

ಹನ್ನೆರಡು ವರ್ಷದ ಮೇಲೆ ನಿಯಮ ಬದಲಾಯಿತು. ಇನ್ನು ಹಿತ್ತಲಲ್ಲಿ ಪುಟ್ಟ ಮನೆ ಇರಬಹುದು. ನಾನು ಅವತ್ತೇ ಅರ್ಜಿ ಹಾಕಿದೆ. ಅದೇ ಇನ್‌ಸ್ಪೆಕ್ಟರ್ ಬಂದರು. ಅತ್ತೆ ಬೀರು ಮುಚ್ಚಿ ಬೆನ್ನು ಕೊಟ್ಟು ಕೂತರು.

"ಅತ್ತೆ, ಈಗ ತೋರಿಸಬಹುದು," ಎಂದೆ. ಅವರು ಜಗ್ಗಲಿಲ್ಲ.

"ಒಲೆ ನೋಡ್ದೆ ಮನೆ ಅಂತ ಬರೆಯೋಕಾಗಲ್ಲಮ್ಮ," ಎಂದರು ಇನ್‌ಸ್ಪೆಕ್ಟರ್. ಅಷ್ಟರಲ್ಲಿ ಬೀರುವಿನೊಳಗೆ ಕುಕ್ಕರ್ ಕೂಗಿತು. ಅವರು ನಕ್ಕರು. "ಹನ್ನೆರಡು ವರ್ಷದಿಂದ ನಂಗೂ ಗೊತ್ತು. ತೆಗೀರಿ."

"ಗೊತ್ತಿದ್ರೆ ಗೊತ್ತಿರಲಿ, ಶೆಡ್ ಅಂತಾನೇ ಬರ್ಕೊಳಪ್ಪ," ಎಂದರು ಅತ್ತೆ. "ಮನೆ ಅಂದ್ರೆ ನಾಳೆನೇ ನೆಂಟರು ಬಂದು ಠಿಕಾಣಿ ಹೂಡ್ತಾರೆ. ಶೆಡ್ಡಿಗೆ ಯಾರು ಬರ್ತಾರೆ?"