ಮನಿ ಅಂತ ತಿಳಕೋರ್ರಿ

'ಪ್ರಚಾರದಿಂದ ಸದಾ ದೂರ ಉಳಿದ, ತುಂಗಭದ್ರಾ ತೀರದ ಅಕ್ಷರ ಸೂರ್ಯ.'

ನನ್ನ ಬಗ್ಗೆ ಇಷ್ಟು ಚೆಂದದ ಮಾತು ಬರೆದವರು ಈವರೆಗೆ ಒಬ್ಬರೇ. ಅದು ನಾನೇ.

ನಗಬೇಡಿ. ನಮ್ಮಲ್ಲಿ ಸನ್ಮಾನ ಮಾಡಿಸಿಕೊಳ್ಳುವವರ ಪರಿಚಯ ಯಾರು ಬರೆಯುತ್ತಾರೆ ಅಂದುಕೊಂಡಿದ್ದೀರಿ? ಯಲಬುರ್ಗಾದ ಸಂಘವೊಂದು ನನಗೆ ಶಾಲು ಹೊದಿಸುವುದೆಂದು ಠರಾವು ಮಾಡಿತ್ತು. "ಸರ, ನಿಮ್ಮ ಪರಿಚಯ ನೀವ ಬರದು ಲಗೂನ ಕಳಸ್ರಿ" ಎಂದು ಫೋನ್ ಮೇಲೆ ಫೋನ್.

ವೇದಿಕೆಯಲ್ಲಿ ನನ್ನನ್ನು ಪರಿಚಯಿಸಬೇಕಾದವನು ಹೈಸ್ಕೂಲ್ ಗೆಳೆಯ ಖಾದರ್. ಗಂಗಾವತಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾನೆ. ಅವನಿಗೆ ನಾನು, "ಹೊಗಳೂದೆಲ್ಲಾ ಬ್ಯಾಡಲೇ, ಎರಡ ಮಾತು ಹೇಳು ಸಾಕು" ಅಂದಿದ್ದೆ. ನನ್ನ ವಿನಯ ಕಂಡು ಅವನ ಕಣ್ಣು ತುಂಬಿದ್ದವು. ನನ್ನ ಹಂಚಿಕೆಯೇ ಬೇರೆ: ನಾನು ಬರೆದದ್ದನ್ನು ಸಂಘದವರೇ ಬರೆದಂತೆ ಅವನ ಕೈಗೆ ಕೊಡಿಸಿ ಓದಿಸುವುದು.

ಹೋದ ತಿಂಗಳು ಗಂಗಾವತಿಗೆ ಹೋಗಿದ್ದೆ. ಊಟ ಮುಗಿಸಿ ಖಾದರನನ್ನು ಕಂಡರಾಯಿತೆಂದು ಅವನ ಅಂಗಡಿ ಪಕ್ಕದ ಖಾನಾವಳಿ ಹೊಕ್ಕೆ. ಖಾನಾವಳಿಯ ಅಕ್ಕ, "ಬರ್ರಿ ಸರ, ಕೂಡ್ರಿ. ನಿಮ್ಮ ಮನಿ ಅಂತ ತಿಳಕೋರ್ರಿ" ಎಂದರು. ಕೈ ತೊಳೆಯುವ ಜಾಗದಲ್ಲಿ ವೈಫೈ ಪಾಸ್‌ವರ್ಡ್ ಅಂಟಿಸಿತ್ತು (ಓಣಿಗೆಲ್ಲ ಕಾಣುವಷ್ಟು ದಪ್ಪ ಅಕ್ಷರದಲ್ಲಿ). ರೊಟ್ಟಿ ಬರುವುದರೊಳಗೆ ಪರಿಚಯ ಕಳಿಸಿಬಿಡೋಣ ಎಂದು ಲ್ಯಾಪ್‌ಟಾಪ್ ತೆರೆದೆ.

ವೈಫೈ ಸಿಕ್ಕಿದ್ದೇ ತಡ, ಲ್ಯಾಪ್‌ಟಾಪ್ ಒಂದು ಪ್ರಶ್ನೆ ಕೇಳಿತು. ಇದು ಹೋಂ ನೆಟ್‌ವರ್ಕೋ, ಪಬ್ಲಿಕ್ ನೆಟ್‌ವರ್ಕೋ?

ಪಬ್ಲಿಕ್ ಅನ್ನಲು ಮನಸ್ಸು ಬರಲಿಲ್ಲ. ಅಕ್ಕ ಅಷ್ಟು ಬಾಯಿತುಂಬ ಮನಿ ಅಂದಿದ್ದಾರೆ. ಒಳಗೆ ರೊಟ್ಟಿ ಬಡಿಯುವ ಸದ್ದು ಬೇರೆ. ಪಬ್ಲಿಕ್ ಅಂದರೆ ಅವರಿಗೆಷ್ಟು ಬೇಜಾರಾದೀತು? ಹೋಂ ಎಂದು ಒತ್ತಿದೆ.

ಮನೆಯೆಂದ ಮೇಲೆ ಲ್ಯಾಪ್‌ಟಾಪಿಗೂ ಮುಚ್ಚುಮರೆ ಇಲ್ಲ. ಕೊಪ್ಪಳದ ಮನೆಯಲ್ಲಿ ಹೆಂಡತಿಯ ಲ್ಯಾಪ್‌ಟಾಪಿಗೆ ಫೋಟೊ ಕಾಣಲೆಂದು ಒಂದು ಫೋಲ್ಡರನ್ನು ಪಾಸ್‌ವರ್ಡ್ ಇಲ್ಲದೆ ಶೇರ್ ಮಾಡಿಟ್ಟಿದ್ದೆ. ಅದೀಗ ಆ ವೈಫೈ ಹಿಡಿದವರಿಗೆಲ್ಲ ತೆರೆದುಕೊಂಡಿತು. ಪರಿಚಯವೂ ಅದರಲ್ಲೇ ಇತ್ತು. ಒಂದಲ್ಲ, ಮೂರು: 'ಪರಿಚಯ', 'ಪರಿಚಯ ಇನ್ನೂ ಛಲೋ', 'ಪರಿಚಯ ಭಾಳ ಛಲೋ'. ಸೂರ್ಯ ಹುಟ್ಟಿದ್ದು ಮೂರನೆಯದರಲ್ಲಿ.

ಇನ್ನೇನು ಕಳಿಸಬೇಕು, ರೊಟ್ಟಿ ಬಂತು. ಎರಡನೆಯದನ್ನು ಮುರಿಯುತ್ತಿದ್ದಾಗ ಬಾಗಿಲಲ್ಲಿ ಖಾದರ್ ನಿಂತಿದ್ದ.

"ಏನ್ ಸೂರ್ಯಾ, ಊಟಕ್ಕ ಕುಂತೀಯೇನು?"

ಎಡಗೈಯಿಂದ ಲ್ಯಾಪ್‌ಟಾಪ್ ಮುಚ್ಚಿದೆ. ಅವನ ಅಂಗಡಿಯಲ್ಲೂ ಇದೇ ವೈಫೈ ಹಿಡಿಯುತ್ತಾರೆಂದು ನನಗೇನು ಗೊತ್ತು?

"ನನ್ನ ಲ್ಯಾಪ್‌ಟಾಪ್‌ನ್ಯಾಗ ನಿನ್ನ ಹೆಸರು ಬಂತು. ದೋಸ್ತ ಬಂದಾನ ಅಂತ ಖುಷಿಲೆ ಒತ್ತಿದೆ. ಬಾಗಲಾ ತಗದ ಇತ್ತು" ಎಂದು ಖಾದರ್ ಎದುರಿಗೆ ಕೂತ. "ನೀ ಎರಡ ಮಾತು ಸಾಕು ಅಂದಿದ್ದಿ. ಆ ಎರಡ ಮಾತು ಯಾವು ಅಂತ ನಾ ದಿನಾ ವಿಚಾರ ಮಾಡಾಕಹತ್ತೀನಿ. ಗಿರಾಕಿ ಬಂದ್ರೂ ಲಕ್ಷ್ಯ ಇಲ್ಲ ನನಗ."

ಅವನು ನಗುತ್ತಿರಲಿಲ್ಲ. ನನಗಾದ ನಾಚಿಕೆಯಲ್ಲಿ ಎಣಗಾಯಿ ಪಲ್ಯದ ರುಚಿಯೂ ತಿಳಿಯಲಿಲ್ಲ.

"ಅದನ್ನ ಸಭಾದಾಗ ಎತ್ತಬ್ಯಾಡೋ" ಎಂದೆ.

"ಎತ್ತಂಗಿಲ್ಲ ಬಿಡು. ನನಗ ಎರಡ ಮಾತು ಸಿಕ್ಕಾವ" ಎಂದು ಎದ್ದು ಹೋದ.

ಖಾದರನ ಬದಲು ಗುರುತಿಲ್ಲದವನೊಬ್ಬ ಹೊಕ್ಕಿದ್ದರೆ? ಬ್ಯಾಂಕಿನ ಪಾಸ್‌ವರ್ಡ್ ಬರೆದಿಟ್ಟ ಫೈಲೂ ಅದೇ ಫೋಲ್ಡರಿನಲ್ಲಿದ್ದಿದ್ದರೆ? (ನನ್ನ ಖಾತೆ ನೋಡಿದ ಕಳ್ಳ ಮರುಗಿ ಹೋಗುತ್ತಿದ್ದ, ಬಿಡಿ.) ನನ್ನನ್ನು ಕಾಡಿದ್ದು ಅದಲ್ಲ. ಇಷ್ಟು ವರ್ಷದ ಗೆಳೆಯ ನನ್ನನ್ನು ಇನ್ನು ಏನೆಂದು ತಿಳಿಯುತ್ತಾನೆ? ಆ ಎರಡು ಮಾತು ಯಾವುವು? ಪರಿಚಯ ಕಳಿಸುವ ಧೈರ್ಯವೇ ಬರಲಿಲ್ಲ.

ಯಲಬುರ್ಗಾದ ಸಭೆಯಲ್ಲಿ ಖಾದರ್ ಬರಿಗೈಯಲ್ಲಿ ಮೈಕ್ ಮುಂದೆ ನಿಂತ. ಹೊಸ ಶಾಲಿನೊಳಗೆ ನಾನು ಬೆವರುತ್ತಿದ್ದೆ.

"ನಮ್ಮ ದೋಸ್ತ ಅಂದ್ರ ತೆರೆದ ಪುಸ್ತಕ ಇದ್ದಂಗ್ರಿ. ಓದಾಕ ಪಾಸ್‌ವರ್ಡೂ ಬೇಕಾಗಂಗಿಲ್ಲ."

ಅಷ್ಟೇ. ಬಂದು ಪಕ್ಕದಲ್ಲಿ ಕೂತು ನನ್ನ ಕೈ ಅದುಮಿದ. ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಆ ಎರಡು ಮಾತಿನ ಅರ್ಥ ಗೊತ್ತಿದ್ದವರು ನಾವಿಬ್ಬರೇ.

ಆದ್ದರಿಂದ, ಹೊರಗೆ ಕೂತು ವೈಫೈ ಹಿಡಿಯುವವರೇ, ಅಕ್ಕ ಮನಿ ಅಂದರೆ ಹೊಟ್ಟೆ ತುಂಬ ಉಣ್ಣಿ. ಲ್ಯಾಪ್‌ಟಾಪಿಗೆ ಮಾತ್ರ ಪಬ್ಲಿಕ್ ಅಂತಲೇ ಹೇಳಿ. ಶೇರಿಂಗ್ ಬಂದ್ ಮಾಡಿ. ಬ್ಯಾಂಕಿನ ಕೆಲಸವಂತೂ ಅಲ್ಲಿ ಬೇಡವೇ ಬೇಡ. ನಾನೀಗ ಸ್ವಂತ ಮನೆಯಲ್ಲಿ ಕೂತರೂ ಪಬ್ಲಿಕ್ ಎಂದೇ ಒತ್ತುತ್ತೇನೆ. ಫೋಟೊ ಕಾಣುತ್ತಿಲ್ಲವೆಂದು ಹೆಂಡತಿ ಬೈಯುತ್ತಿದ್ದಾಳೆ.

ಏನು ಮಾಡಲಿ? 'ಪರಿಚಯ ಭಾಳ ಛಲೋ' ಡಿಲೀಟ್ ಮಾಡಲು ಇನ್ನೂ ಮನಸ್ಸು ಬಂದಿಲ್ಲ.